ತೊಂದರೆ ಮೂತ್ರಕೋಶಕ್ಕೆ, ಸೂಜಿ ಕಾಲಿಗೆ!

ಮದುವೆ ಛತ್ರಕ್ಕೆ ಕಾಲಿಟ್ಟ ಕೂಡಲೇ ನಿಮ್ಮಮ್ಮ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ಹುಡುಕ್ತಾರಾ? ಬಸ್ ಹತ್ತೋ ದಿನ ಬೆಳಗಿನಿಂದ ನೀರೇ ಕುಡಿಯಲ್ವಾ? ನಮ್ಮಮ್ಮ ಎರಡು ವರ್ಷ ಹೀಗೇ ಇದ್ದರು. 'ವಯಸ್ಸಾದ್ಮೇಲೆ ಇವೆಲ್ಲ ಇದ್ದದ್ದೇ' ಅಂತ ಅವರೇ ತೀರ್ಮಾನ ಮಾಡ್ಕೊಂಡಿದ್ರು. ಹಾಸನದಿಂದ ಬೆಂಗಳೂರಿಗೆ ಬರೋದನ್ನೇ ನಿಲ್ಲಿಸಿದಾಗ ನಾನು ಬಿಡದೆ ಕೇಳಿದೆ, ಆಗ ಬಾಯಿಬಿಟ್ಟರು. ಪರೀಕ್ಷೆ ಮಾಡಿಸಿದರೆ ಶುಗರ್ ಇಲ್ಲ, ಸೋಂಕೂ ಇಲ್ಲ. ಯುರಾಲಜಿಸ್ಟ್ ಹೇಳಿದ ಹೆಸರು ಓವರ್‌ಆ್ಯಕ್ಟಿವ್ ಬ್ಲ್ಯಾಡರ್.

ಆನ್-ಕಾಲ್ ಡ್ಯೂಟಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಡಿಸ್ಕ್ ಕಾಲು ಭಾಗವೂ ತುಂಬಿರಲ್ಲ, ರಾತ್ರಿ ಮೂರಕ್ಕೆ 'ಕ್ರಿಟಿಕಲ್' ಅಂತ ಅಲರ್ಟ್ ಬಂದು ಎಬ್ಬಿಸುತ್ತೆ. ಇಲ್ಲೂ ಹಾಗೇ. ಮೂತ್ರಕೋಶ ತುಂಬುವ ಮೊದಲೇ ಅದರ ಸ್ನಾಯು ಹಿಂಡಲು ಶುರು ಮಾಡುತ್ತೆ. ಈಗಲೇ ಹೋಗಬೇಕು ಅನ್ನೋ ಅವಸರ. ಕೆಲವರಿಗೆ ಬಾಗಿಲು ತಲುಪುವಷ್ಟರಲ್ಲಿ ಸೋರಿಯೇ ಹೋಗುತ್ತೆ.

ಮೊದಲ ಮದ್ದು ಅಭ್ಯಾಸಗಳು: ಕಾಫಿ ಕಡಿಮೆ ಮಾಡೋದು (ಹಾಸನದವರಿಗೆ ಇದು ಸಣ್ಣ ಮಾತಲ್ಲ), ಹೋಗುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸೋದು, ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ. ಆಮೇಲೆ ಮಾತ್ರೆ. ಅಮ್ಮನಿಗೆ ಸಾಲಿಫೆನಾಸಿನ್‌ನಿಂದ ಬಾಯಿ ಒಣಗಿತು, ಮಲಬದ್ಧತೆ ಬಂತು. ಮಿರಾಬೆಗ್ರಾನ್ ಬಿಪಿ ಏರಿಸಬಹುದು, ಅವರಿಗೆ ಮೊದಲೇ ಬಿಪಿ. ಆಗ ಡಾಕ್ಟರ್ ಕಾಲಿನ ನರದ ಚಿಕಿತ್ಸೆಯ ಮಾತೆತ್ತಿದರು. 'ತೊಂದರೆ ಎಲ್ಲೋ, ಸೂಜಿ ಎಲ್ಲೋ!' ಅಂತ ಅಮ್ಮ ನಕ್ಕರು.

ಕಣಕಾಲಿನ ಒಳಬದಿಯಲ್ಲಿ ಟಿಬಿಯಲ್ ಅನ್ನೋ ನರ ಹಾದುಹೋಗುತ್ತೆ. ಅದು ಮೇಲೆ ಹೋಗಿ ಬೆನ್ನುಹುರಿ ಸೇರುವ ಜಾಗವೂ ಮೂತ್ರಕೋಶದ ನರಗಳು ಸೇರುವ ಜಾಗವೂ ಹೆಚ್ಚುಕಡಿಮೆ ಒಂದೇ. ಗಂಟಿನಿಂದ ಮೂರು ಬೆರಳು ಮೇಲೆ ಕೂದಲಿನಂಥ ಸೂಜಿ ಚುಚ್ಚಿ ಸಣ್ಣ ಕರೆಂಟ್ ಕೊಟ್ಟರೆ, ಆ ಜಂಕ್ಷನ್ನಿನಲ್ಲಿ ಮೂತ್ರಕೋಶದ ಗಲಾಟೆ ತಗ್ಗುತ್ತೆ. ಹೆಬ್ಬೆರಳು ತಾನಾಗಿ ಬಾಗಿದರೆ ಸೂಜಿ ಸರಿಯಾದ ಜಾಗದಲ್ಲಿದೆ ಅಂತ. ವಾರಕ್ಕೊಮ್ಮೆ 30 ನಿಮಿಷ, 12 ವಾರ.

ಮನಸ್ಸಿನ ಸಮಾಧಾನಕ್ಕೇ ವಾಸಿಯಾದ ಹಾಗೆ ಅನ್ನಿಸೋದಲ್ವಾ? ನನಗೂ ಈ ಅನುಮಾನ ಇತ್ತು. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 220 ಜನರಲ್ಲಿ ಅರ್ಧದಷ್ಟು ಮಂದಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಹಾಗೇ ಅನ್ನಿಸುವ ನಕಲಿ ಚಿಕಿತ್ಸೆ ಕೊಟ್ಟಿದ್ದರು. ಚೆನ್ನಾಗಿ ಸುಧಾರಿಸಿದೆ ಅಂದವರು ಮೊದಲ ಗುಂಪಿನಲ್ಲಿ ಶೇ. 54.5, ಎರಡನೆಯದರಲ್ಲಿ ಶೇ. 20.9. ಅಂದರೆ ಕೆಲಸ ಮಾಡುತ್ತೆ, ಆದರೆ ಎಲ್ಲರಿಗೂ ಅಲ್ಲ.

ನಿಜವಾದ ಕಷ್ಟ ಸೂಜಿಯದ್ದಲ್ಲ, ಆ 12 ವಾರಗಳದ್ದು. ಅಮ್ಮ ಟ್ರೈನಿನಲ್ಲಿ ಬಂದರು (ಟಾಯ್ಲೆಟ್ ಇರುತ್ತಲ್ಲ), ಮೂರು ತಿಂಗಳು ನಮ್ಮನೆಯಲ್ಲೇ ಉಳಿದರು. ಅಪ್ಪ ಊರಲ್ಲಿ ಅನ್ನ ಮಾಡೋದು ಕಲಿತರು. ನಾನು ಗುರುವಾರಗಳನ್ನು ವರ್ಕ್ ಫ್ರಮ್ ಹೋಮ್ ಮಾಡ್ಕೊಂಡೆ. ಐದನೇ ವಾರದವರೆಗೆ ಏನೂ ಬದಲಾಗಲಿಲ್ಲ, 'ಸುಮ್ನೆ ದುಡ್ಡು ದಂಡ' ಅಂತ ಅಮ್ಮ ಗೊಣಗಿದರು. ಎಂಟರ ಹೊತ್ತಿಗೆ ರಾತ್ರಿ ಐದು ಸಲ ಏಳುತ್ತಿದ್ದವರು ಎರಡಕ್ಕಿಳಿದರು. ಪೂರ್ತಿ ಹೋಗಿಲ್ಲ. ಈಗ ತಿಂಗಳಿಗೊಮ್ಮೆ ಮುಂದುವರಿದಿದೆ.

ಇದರಿಂದ ಗುಣ ಕಾಣದವರಿಗೆ ಇನ್ನೊಂದು ದಾರಿ ಇದೆ. ಬೆನ್ನಿನ ಕೆಳಗಿನ ಸ್ಯಾಕ್ರಲ್ ನರದ ಪಕ್ಕ ತಂತಿ ಇಟ್ಟು, ಪೇಸ್‌ಮೇಕರ್‌ನಂಥ ಸಾಧನವನ್ನು ಪೃಷ್ಠದ ಚರ್ಮದಡಿ ಕೂರಿಸುತ್ತಾರೆ. ಅಮೆರಿಕದಲ್ಲಿ 1997ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಮೊದಲು ತಾತ್ಕಾಲಿಕ ತಂತಿಯಲ್ಲಿ ಪರೀಕ್ಷಿಸಿ, ತೊಂದರೆ ಅರ್ಧಕ್ಕರ್ಧ ಇಳಿದರೆ ಮಾತ್ರ ಕಾಯಂ ಸಾಧನ. ಟ್ರಯಲ್ ನೋಡಿ ಆಮೇಲೆ ಇನ್‌ಸ್ಟಾಲ್ ಮಾಡೋ ಈ ಪದ್ಧತಿ ನನಗಂತೂ ಇಷ್ಟವಾಯಿತು.

ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ರಕ್ತ ಬೇಗ ಹೆಪ್ಪುಗಟ್ಟದವರು ಕಾಲಿನ ಚಿಕಿತ್ಸೆಗೆ ಮುಂಚೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಮೂತ್ರದಲ್ಲಿ ರಕ್ತ ಕಂಡರೆ ತಡ ಮಾಡದೆ ಹೋಗಿ, ಅದು ಬೇರೆಯೇ ವಿಷಯ. ಇಲ್ಲದಿದ್ದರೆ ಅಪಾಯಿಂಟ್‌ಮೆಂಟ್‌ಗೆ ಮುಂಚಿನ ಮೂರು ದಿನ ಎಷ್ಟು ಕುಡಿದರು, ಎಷ್ಟು ಸಲ ಹೋದರು, ಯಾವಾಗ ಅವಸರವಾಯಿತು ಅಂತ ಅಮ್ಮನ ಕೈಲಿ ಬರೆಸಿಡಿ. ಡಾಕ್ಟರ್ ಮೊದಲು ಕೇಳೋದೇ ಅದನ್ನ.