ಕೆಳಗಿನ ಮೆಟ್ಟಿಲಿನ ಕಾಲ್ಚೆಂಡಾಟ

ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಬಿದಿರು ಗಳು ನೆಟ್ಟು ಊರ ಹುಡುಗರು ಕಾಲ್ಚೆಂಡು ಆಡುವುದನ್ನು ಸದಸ್ಯ ಬಾಂಧವರೆಲ್ಲ ಕಂಡಿದ್ದೀರಿ. ಒಂದು ಕಾಲದಲ್ಲಿ ಹಾಗೆ ಆಡಿದವರೂ ನಮ್ಮಲ್ಲಿ ಕಡಿಮೆಯೇನಿಲ್ಲ. ಆಟ ನೋಡುವಾಗ ನಮ್ಮ ಕಣ್ಣೆಲ್ಲ ಚೆಂಡಿನ ಮೇಲಿರುತ್ತದೆ. ಚೆಂಡಿಗೆ ಹಣ ಕೊಟ್ಟವರು ಯಾರು, ಗೆರೆಗೆ ಸುಣ್ಣ ಹಾಕಿದವರು ಯಾರು, ರೆಫರಿಗೆ ಬಸ್ ಚಾರ್ಜು ಕೊಡುವವರು ಯಾರು, ತಕರಾರು ಬಂದರೆ ತೀರ್ಮಾನ ಹೇಳುವವರು ಯಾರು ಎಂದು ಕೇಳುವುದು ಮಾತ್ರ ಅಪರೂಪ.

ಅಡಿಕೆ ಧಾರಣೆಯನ್ನೂ ಕಾಫಿ ಗಿಡದ ಕಸಿಯನ್ನೂ ಈ ಒಂದು ಲೇಖನದ ಮಟ್ಟಿಗೆ ಬದಿಗಿಟ್ಟು, ಆ ಪ್ರಶ್ನೆಗಳ ಹಿಂದೆ ಹೋಗೋಣ ಎಂದುಕೊಂಡಿದ್ದೇವೆ. ಬೆಳೆಗಾರರ ಪತ್ರಿಕೆಗೆ ಕಾಲ್ಚೆಂಡಾಟದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕೊನೆಯವರೆಗೆ ಓದಿದರೆ ಇದು ನಮಗೆ ಅಷ್ಟೇನೂ ದೂರದ ಸಂಗತಿಯಲ್ಲ ಎಂಬುದು ತಿಳಿದೀತು.

ಏಣಿಯ ಕಟ್ಟು

ಈ ಆಟದ ಲೀಗ್ ಪದ್ಧತಿ ಮೊದಲು ಬೇರೂರಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು ೧೮೬೩ರಲ್ಲಿ. ೧೮೮೮ರಲ್ಲಿ ೧೨ ಕ್ಲಬ್ಬುಗಳು ಸೇರಿ ಮೊದಲ ಲೀಗನ್ನು ಕಟ್ಟಿದವು. ಪ್ರತಿ ಕ್ಲಬ್ಬೂ ಉಳಿದ ಪ್ರತಿಯೊಂದು ಕ್ಲಬ್ಬಿನೊಡನೆ ವರ್ಷಕ್ಕೆ ಎರಡು ಬಾರಿ, ಒಮ್ಮೆ ತನ್ನೂರಿನಲ್ಲಿ ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ ಆಡುತ್ತದೆ. ಇಂದಿನ ಲೆಕ್ಕದಲ್ಲಿ ಗೆದ್ದರೆ ೩ ಅಂಕ, ಸಮವಾದರೆ ೧ ಅಂಕ. ವರ್ಷದ ಕೊನೆಗೆ ಪಟ್ಟಿಯ ಮೇಲಿನವರಿಗೆ ಬಡ್ತಿ, ತಳದವರಿಗೆ ಹಿಂಬಡ್ತಿ.

ಪತ್ರಿಕೆಗಳಲ್ಲಿ ನಾವು ಓದುವ ದೊಡ್ಡ ಕ್ಲಬ್ಬುಗಳೆಲ್ಲ ಈ ಏಣಿಯ ಮೇಲಿನ ನಾಲ್ಕು ಮೆಟ್ಟಿಲುಗಳಲ್ಲಿವೆ. ಅವುಗಳ ಕೆಳಗೆ ನ್ಯಾಷನಲ್ ಲೀಗ್, ಅದರ ಕೆಳಗೆ ಉತ್ತರ ಮತ್ತು ದಕ್ಷಿಣ ಎಂಬ ಎರಡು ವಿಭಾಗ, ಅದಕ್ಕೂ ಕೆಳಗೆ ನಾಲ್ಕು, ಮತ್ತೂ ಕೆಳಗೆ ಎಂಟು. ಹೀಗೆ ಕೆಳಗಿಳಿದಷ್ಟೂ ವಿಭಾಗಗಳು ಹೆಚ್ಚುತ್ತ, ಒಂದೊಂದು ವಿಭಾಗದ ಸೀಮೆ ಕಿರಿದಾಗುತ್ತ, ಕೊನೆಗೆ ಜಿಲ್ಲೆಯ, ಪಟ್ಟಣದ ಲೀಗುಗಳನ್ನು ಮುಟ್ಟುತ್ತೇವೆ. ಇದು ಕೇವಲ ಚೊಕ್ಕತನಕ್ಕಾಗಿ ಮಾಡಿದ್ದಲ್ಲ. ಚಿಕ್ಕ ಕ್ಲಬ್ಬಿಗೆ ದೂರದ ಪ್ರಯಾಣದ ಖರ್ಚು ಭರಿಸಲಾಗದು. ಆದ್ದರಿಂದ ಬಡವನಾದಷ್ಟೂ ಎದುರಾಳಿ ಹತ್ತಿರದಲ್ಲೇ ಇರಬೇಕು.

ಈ ಏಣಿ ಮೊದಲಿನಿಂದಲೂ ತೆರೆದಿತ್ತು ಎಂದೇನೂ ಭಾವಿಸಬೇಕಾಗಿಲ್ಲ. ಕೆಳಗಿನ ಲೀಗಿನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ, ಮೇಲಿನ ಕ್ಲಬ್ಬುಗಳು ಮತ ಹಾಕಿ ಒಪ್ಪಿದರೆ ಮಾತ್ರ ಒಳಗೆ ಪ್ರವೇಶವೆಂಬ ಪದ್ಧತಿ ದಶಕಗಟ್ಟಲೆ ನಡೆಯಿತು. ಕೆಳಗಿನ ಲೀಗನ್ನು ಗೆದ್ದವರಿಗೆ ನೇರ ಬಡ್ತಿ ಎಂಬ ನಿಯಮ ಬಂದದ್ದು ೧೯೮೬-೮೭ರ ಸಾಲಿನಿಂದ. ಹಾಗೆ ಮೊದಲು ಮೇಲೇರಿದ್ದು ಸ್ಕಾರ್‌ಬರೋ ಎಂಬ ಕಡಲತೀರದ ಊರಿನ ಕ್ಲಬ್.

ಹವ್ಯಾಸಿ, ವೃತ್ತಿಪರ ಎಂಬ ಭೇದದ್ದೂ ಇಂಥದ್ದೇ ಕಥೆ. ಹವ್ಯಾಸಿಗಳಿಗೆಂದೇ ೧೮೯೩ರ ಸಾಲಿನಿಂದ ಒಂದು ಪ್ರತ್ಯೇಕ ಕಪ್ ನಡೆಯುತ್ತಿತ್ತು. ಹೆಸರಿಗೆ ಹವ್ಯಾಸಿ, ಆದರೆ ಆಟ ಮುಗಿದ ಮೇಲೆ ಬೂಟಿನೊಳಗೆ ಸದ್ದಿಲ್ಲದೆ ನೋಟು ಇಡುವ ರೂಢಿಯೂ ಬೆಳೆದುಬಂತು. ಕೊನೆಗೆ ೧೯೭೪ರಲ್ಲಿ ಅಸೋಸಿಯೇಷನ್ ಆ ಭೇದವನ್ನೇ ತೆಗೆದುಹಾಕಿತು. ಈಗ ಎಲ್ಲರೂ ಆಟಗಾರರೇ. ಕೆಳಗಿನ ಲೀಗುಗಳಲ್ಲಿ ಆಡುವವರು ವಾರವಿಡೀ ಬೇರೆ ಕೆಲಸ ಮಾಡಿ, ಅಲ್ಪಸ್ವಲ್ಪ ಭತ್ಯೆಗೋ ಬರಿಯ ಪ್ರೀತಿಗೋ ಬೂಟು ಕಟ್ಟುವವರು.

ಶನಿವಾರದ ಹಿಂದಿನ ದುಡಿಮೆ

ಅಲ್ಲಿ ಪಂದ್ಯ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ. ತೊಂಬತ್ತು ನಿಮಿಷದ ಆ ಆಟಕ್ಕಾಗಿ ವಾರವೆಲ್ಲ ದುಡಿಯುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಹುಲ್ಲು ಕತ್ತರಿಸುವವರು, ಗೆರೆ ಎಳೆಯುವವರು, ಬಾಗಿಲಲ್ಲಿ ಟಿಕೇಟು ಹರಿಯುವವರು, ಚಹಾ ಕಾಯಿಸುವವರು, ಬೆವರಿನ ಅಂಗಿಗಳನ್ನು ಮನೆಗೊಯ್ದು ಒಗೆಯುವವರು. ಇವರೆಲ್ಲರಿಗಿಂತ ಹೆಚ್ಚು ಕೆಲಸ ಕ್ಲಬ್ಬಿನ ಕಾರ್ಯದರ್ಶಿಗೆ. ಆಟಗಾರರ ನೋಂದಣಿ, ಎದುರಾಳಿಗೂ ರೆಫರಿಗೂ ತಿಳುವಳಿಕೆ, ಫಲಿತಾಂಶದ ವರದಿ ಎಲ್ಲವೂ ಗೊತ್ತಾದ ವೇಳೆಗೆ ಹೋಗಬೇಕು. ತಪ್ಪಿದರೆ ದಂಡ.

ಮಳೆ ಬಂದರೆ ನೆಲ ಆಡಲು ಯೋಗ್ಯವೇ ಎಂದು ರೆಫರಿ ಬಂದು ನೋಡುತ್ತಾರೆ. ಆಗದು ಎಂದರೆ ಪಂದ್ಯ ಮುಂದಕ್ಕೆ. ಹೀಗೆ ಚಳಿಗಾಲದಲ್ಲಿ ಮುಂದೂಡಿದ್ದೆಲ್ಲ ಏಪ್ರಿಲಿನಲ್ಲಿ ಒಟ್ಟಿಗೆ ಬಂದು ಮೇಲೆ ಬೀಳುತ್ತದೆ. ಮಳೆಗೂ ಕೊಯ್ಲಿಗೂ ನಡುವೆ ಸಿಕ್ಕಿಕೊಂಡ ನಮಗೆ ಈ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದಾಯವೆಂದರೆ ಬಾಗಿಲ ಹಣ, ಕ್ಲಬ್ ಮನೆಯ ಪಾನೀಯ ವ್ಯಾಪಾರ, ಲಾಟರಿ ಚೀಟಿ, ಊರ ಅಂಗಡಿಗಳ ಜಾಹೀರಾತು ಫಲಕ. ದೊಡ್ಡ ಆಸೆಯೊಂದೂ ಇದೆ. ಇಂಗ್ಲೆಂಡಿನ ಎಫ್.ಎ. ಕಪ್ಪಿಗೆ ೭೦೦ಕ್ಕೂ ಹೆಚ್ಚು ಕ್ಲಬ್ಬುಗಳು ಸೇರುತ್ತವೆ. ಚಿಕ್ಕವರು ಆಗಸ್ಟಿನಲ್ಲೇ ಆಡತೊಡಗಬೇಕು. ಗೆಲ್ಲುತ್ತ ಹೋದರೆ ಎಂದಾದರೊಂದು ದಿನ ದೊಡ್ಡ ಕ್ಲಬ್ಬೊಂದು ಎದುರಾಗಿ, ಆ ಒಂದು ಪಂದ್ಯದ ಹಣದಲ್ಲೇ ಛಾವಣಿ ರಿಪೇರಿಯಾದೀತು.

ಆಟ ಗೆದ್ದ ಮಾತ್ರಕ್ಕೆ ಬಡ್ತಿ ಸಿಕ್ಕಿತೆಂದೂ ಅಲ್ಲ. ಮೈದಾನಕ್ಕೂ ದರ್ಜೆಯುಂಟು. ಮೆಟ್ಟಿಲಿಗೆ ತಕ್ಕಂತೆ ರಾತ್ರಿ ಆಟದ ದೀಪ, ಮಾಡಿನಡಿಯ ಆಸನ, ಉಡುಪು ಬದಲಿಸುವ ಕೋಣೆ ಇರಲೇಬೇಕು. ಗಡುವಿನೊಳಗೆ ಅವು ಸಿದ್ಧವಾಗದಿದ್ದರೆ ಪಟ್ಟಿಯಲ್ಲಿ ಮೊದಲಿಗನಾದರೂ ಇದ್ದಲ್ಲೇ ಇರಬೇಕಾಗುತ್ತದೆ.

ಊರು ಬಿಟ್ಟು ಹೋದ ಕ್ಲಬ್

ಈ ವ್ಯವಸ್ಥೆಯ ಬೆಲೆ ಏನೆಂದು ತಿಳಿಯಲು ಒಂದು ಕ್ಲಬ್ಬಿನ ಚರಿತ್ರೆ ಸಾಕು. ಲಂಡನ್ನಿನ ವಿಂಬಲ್ಡನ್ ಎಂದರೆ ನಮ್ಮವರಿಗೆ ನೆನಪಾಗುವುದು ಟೆನಿಸ್. ಅಲ್ಲಿ ೧೮೮೯ರಿಂದ ಒಂದು ಕಾಲ್ಚೆಂಡು ಕ್ಲಬ್ಬೂ ಇತ್ತು. ಬಹುಕಾಲ ಅದು ಹವ್ಯಾಸಿಗಳ ಕ್ಲಬ್. ೧೯೬೩ರ ಹವ್ಯಾಸಿ ಕಪ್ಪಿನ ಅಂತಿಮ ಪಂದ್ಯದಲ್ಲಿ ಸಟನ್ ಯುನೈಟೆಡ್ ತಂಡವನ್ನು ೪-೨ರಿಂದ ಸೋಲಿಸಿತು. ನಾಲ್ಕು ಗೋಲನ್ನೂ ಎಡಿ ರೆನಾಲ್ಡ್ಸ್ ಎಂಬಾತ ತಲೆಯಿಂದಲೇ ಹೊಡೆದದ್ದು ಇಂದಿಗೂ ಹೇಳುವ ಮಾತು. ೧೯೭೭ರಲ್ಲಿ ಮತದ ಮೂಲಕ ಮೇಲಿನ ಲೀಗಿಗೆ ಪ್ರವೇಶ ಸಿಕ್ಕಿತು. ೧೯೮೬ರಲ್ಲಿ ಮೊದಲ ದರ್ಜೆಗೇ ಏರಿತು. ೧೯೮೮ರಲ್ಲಿ ಲಿವರ್‌ಪೂಲನ್ನು ೧-೦ರಿಂದ ಮಣಿಸಿ ಎಫ್.ಎ. ಕಪ್ಪನ್ನೇ ಎತ್ತಿತು.

ಇಷ್ಟಾದರೂ ಬುಡ ಗಟ್ಟಿಯಿರಲಿಲ್ಲ. ೧೯೮೯ರ ಹಿಲ್ಸ್‌ಬರೋ ದುರಂತದ ನಂತರ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಆಸನವಿರಬೇಕು ಎಂಬ ನಿಯಮ ಬಂತು. ಪ್ಲೌ ಲೇನ್ ಎಂಬ ತನ್ನ ಹಳೆಯ ಮೈದಾನವನ್ನು ೧೯೯೧ರಲ್ಲಿ ಬಿಟ್ಟು ಕ್ಲಬ್ ಬೇರೆಯವರ ಮೈದಾನದಲ್ಲಿ ಬಾಡಿಗೆಗೆ ನಿಂತಿತು. ಕ್ಲಬ್ಬಿನ ಷೇರುಗಳು ಕೆಲವೇ ಮಂದಿ ಮಾಲೀಕರ ಕೈಯಲ್ಲಿದ್ದವು. ಅವರು ಕ್ಲಬ್ಬನ್ನು ಸುಮಾರು ೯೦ ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಒಯ್ಯಲು ಹೊರಟರು. ಬೆಂಬಲಿಗರು ಪ್ರತಿಭಟಿಸಿದರು. ೨೦೦೨ರ ಮೇ ೨೮ರಂದು ಮೂವರ ಆಯೋಗ ಸ್ಥಳಾಂತರಕ್ಕೆ ಅನುಮತಿ ಕೊಟ್ಟಿತು. ಬೆಂಬಲಿಗರು ಕ್ಲಬ್ಬನ್ನು ತಳದಿಂದ ಹೊಸದಾಗಿ ಕಟ್ಟುವುದು ಆಟದ ವಿಶಾಲ ಹಿತಕ್ಕೆ ತಕ್ಕುದಲ್ಲ ಎಂಬ ಅಭಿಪ್ರಾಯವೂ ಅದರ ವರದಿಯಲ್ಲಿತ್ತು.

ನೂರು ವರ್ಷ ಮಳೆಗೂ ಚಳಿಗೂ ನಿಂತು ಕೂಗಿದವರಿಗೆ ಒಂದು ಮತವೂ ಇರಲಿಲ್ಲ ಎಂಬುದು ಅಂದು ತಿಳಿಯಿತು.

ತಳದಿಂದ ಮತ್ತೆ

ಬೆಂಬಲಿಗರು ಆಯೋಗದ ಅಭಿಪ್ರಾಯಕ್ಕೆ ಕಾಯಲಿಲ್ಲ. ಒಂದು ತಿಂಗಳೊಳಗೆ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ಕಟ್ಟಿದರು. ಜೂನ್ ೨೯ರಂದು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿಗೆ, ಆಡಬಲ್ಲೆವು ಎನ್ನುವವರೆಲ್ಲ ಬನ್ನಿ ಎಂದು ಕರೆದರು. ಸುಮಾರು ೨೩೦ ಮಂದಿ ಬಂದರು. ಜುಲೈಯಲ್ಲಿ ಮೊದಲ ಸ್ನೇಹ ಪಂದ್ಯ, ಹಳೆಯ ಎದುರಾಳಿ ಸಟನ್ ಯುನೈಟೆಡ್ ಜೊತೆಗೇ. ೪-೦ರಿಂದ ಸೋತರು. ಆದರೆ ನೋಡಲು ಬಂದವರು ೪,೬೫೭ ಮಂದಿ.

ಲೀಗಿನ ಮೊದಲ ಪಂದ್ಯ ಆಗಸ್ಟ್ ೧೭ರಂದು ಸ್ಯಾಂಡ್‌ಹರ್ಸ್ಟ್ ಎಂಬ ಚಿಕ್ಕ ಪಟ್ಟಣದಲ್ಲಿ, ಕಂಬೈನ್ಡ್ ಕೌಂಟೀಸ್ ಲೀಗ್ ಎಂಬ ಪ್ರಾದೇಶಿಕ ಲೀಗಿನಲ್ಲಿ ನಡೆಯಿತು. ೨-೧ರ ಗೆಲುವು. ಮೊದಲ ವರ್ಷ ಮೂರನೆಯ ಸ್ಥಾನ, ಬಡ್ತಿಯಿಲ್ಲ. ಮರುವರ್ಷ ಆಡಿದ ೪೬ರಲ್ಲಿ ೪೨ ಗೆಲುವು, ೪ ಸಮ, ಸೋಲೇ ಇಲ್ಲ. ೨೦೦೩ರ ಫೆಬ್ರವರಿಯಿಂದ ೨೦೦೪ರ ಡಿಸೆಂಬರ್‌ವರೆಗೆ ಸತತ ೭೮ ಲೀಗ್ ಪಂದ್ಯಗಳಲ್ಲಿ ಸೋಲದೆ ದಾಖಲೆ ಮಾಡಿದರು. ಒಂದೊಂದೇ ಮೆಟ್ಟಿಲು ಹತ್ತಿ ೨೦೧೧ರಲ್ಲಿ ಲೂಟನ್ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿ ಮೇಲಿನ ನಾಲ್ಕು ದರ್ಜೆಗಳೊಳಗೆ ಕಾಲಿಟ್ಟರು. ಒಂಬತ್ತು ವರ್ಷ, ಐದು ಬಡ್ತಿ.

ಈ ಕ್ಲಬ್ಬಿನ ಬಹುಪಾಲು ಒಡೆತನ ಬೆಂಬಲಿಗರ ಸೊಸೈಟಿಯದು. ಡಾನ್ಸ್ ಟ್ರಸ್ಟ್ ಎಂದು ಹೆಸರು. ವಂತಿಗೆ ಕೊಟ್ಟು ಯಾರೂ ಸದಸ್ಯರಾಗಬಹುದು. ಹಣ ಎಷ್ಟೇ ಹಾಕಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಆಡಳಿತ ಮಂಡಳಿಗೆ ಚುನಾವಣೆ, ವರ್ಷಕ್ಕೊಂದು ಮಹಾಸಭೆ. ೧೮೪೪ರಲ್ಲಿ ರಾಚ್‌ಡೇಲಿನ ನೇಕಾರರೂ ಇತರ ಕಸುಬುದಾರರೂ ಹಾಕಿಕೊಟ್ಟ ದಾರಿ ಅದು. ನಮ್ಮ ಸಂಘದ ಉಪವಿಧಿಗಳಲ್ಲಿ ನಾವು ಓದುವುದೂ ಅದನ್ನೇ.

ಕಾಗದದ ಬೆಲೆ, ನೆಲದ ಬೆಲೆ

ಸದಸ್ಯರ ಕ್ಲಬ್ ಎಂದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದೇನಲ್ಲ. ೨೦೦೬-೦೭ರ ಸಾಲಿನಲ್ಲಿ, ವೇಲ್ಸ್ ದೇಶದ ಕ್ಲಬ್ಬಿನಿಂದ ಬಂದ ಒಬ್ಬ ಆಟಗಾರನಿಗೆ ಅಗತ್ಯವಾದ ಅಂತರರಾಷ್ಟ್ರೀಯ ವರ್ಗಾವಣೆ ಪತ್ರವನ್ನು ತರಿಸಿಕೊಳ್ಳದೆ ಆಡಿಸಿದರು. ಅದಕ್ಕಾಗಿ ೧೮ ಅಂಕ ಕಡಿತವಾಯಿತು. ಮೇಲ್ಮನವಿಯ ನಂತರ ಅದು ೩ಕ್ಕೆ ಇಳಿಯಿತು. ಮೈದಾನದಲ್ಲಿ ಹನ್ನೊಂದು ಜನ ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ್ದನ್ನು ಕಚೇರಿಯ ಒಂದು ಕಾಗದ ಕಳೆಯಬಲ್ಲದು.

ಇನ್ನೊಂದು ಕಹಿಯೂ ಇದೆ. ೨೦೦೩ರಲ್ಲಿ ಬೆಂಬಲಿಗರಿಗೆ ಷೇರು ಮಾರಿ ಅವರು ಕಿಂಗ್ಸ್‌ಮೆಡೋ ಎಂಬ ಮೈದಾನವನ್ನು ಪಡೆದರು. ಅದು ೧೯೮೯ರಲ್ಲಿ ಕಿಂಗ್‌ಸ್ಟೋನಿಯನ್ ಎಂಬ ಹಳೆಯ ಹವ್ಯಾಸಿ ಪರಂಪರೆಯ ಕ್ಲಬ್ಬಿಗಾಗಿ ಆದ ಮೈದಾನ. ಹಣದ ಮುಗ್ಗಟ್ಟಿನಿಂದ ಆ ಕ್ಲಬ್ ಅದನ್ನು ಕಳೆದುಕೊಂಡು, ತನ್ನ ಮನೆಯಲ್ಲೇ ಬಾಡಿಗೆದಾರನಾಗಿತ್ತು. ಮುಂದೆ ವಿಂಬಲ್ಡನ್ನಿನವರು ತಮ್ಮ ಊರಿಗೆ ಮರಳುವ ಖರ್ಚಿಗಾಗಿ ಮೈದಾನವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿದರು. ೨೦೧೭ರಲ್ಲಿ ಕಿಂಗ್‌ಸ್ಟೋನಿಯನ್ ಅಲ್ಲಿಂದ ಹೊರಬಿತ್ತು. ನೆಲೆ ಕಳೆದುಕೊಂಡವರ ಕೈಯಿಂದಲೇ ಇನ್ನೊಬ್ಬರ ನೆಲೆ ತಪ್ಪಿತು. ಒಳ್ಳೆಯ ಕಥೆಯೆಂದು ಇದನ್ನು ಮುಚ್ಚಿಡುವುದು ನಮಗೆ ಸರಿ ಕಾಣದು.

ಹಳೆಯ ಪ್ಲೌ ಲೇನಿನ ಹತ್ತಿರವೇ ಹೊಸ ಮೈದಾನ ಏಳುವಾಗ ಹಣ ಸಾಲದೆ ಬಂತು. ಹೊರಗಿನ ಹೂಡಿಕೆದಾರರಿಗೆ ಷೇರು ಮಾರುವ ಸಲಹೆಯೂ ಬಂತು. ಆಗ ಬೆಂಬಲಿಗರು ಸಾಲಪತ್ರದ ದಾರಿ ಹಿಡಿದು ೫೦ ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ೨೦೨೦ರ ನವೆಂಬರ್ ೩ರಂದು ಅಲ್ಲಿ ಮೊದಲ ಪಂದ್ಯ ನಡೆದಾಗ ಕೊರೋನಾ ನಿರ್ಬಂಧದಿಂದ ಆಸನಗಳೆಲ್ಲ ಖಾಲಿ. ಹಣ ಕೊಟ್ಟವರು ಮನೆಯಲ್ಲೇ ಕುಳಿತು ನೋಡಬೇಕಾಯಿತು. ಆದರೂ ಅದು ಅವರದೇ ಮನೆ. ೨೦೨೨ರಲ್ಲಿ ಒಂದು ಮೆಟ್ಟಿಲು ಇಳಿದರು, ೨೦೨೫ರ ಮೇ ತಿಂಗಳಲ್ಲಿ ಮತ್ತೆ ಏರಿದರು. ಏಳುಬೀಳು ಬಂದರೂ ಈಗ ಕ್ಲಬ್ಬನ್ನು ಊರಿನಿಂದ ಎತ್ತಿಕೊಂಡು ಹೋಗುವವರಿಲ್ಲ.

ನಮ್ಮಲ್ಲಿ

ನಮ್ಮ ರಾಜ್ಯದಲ್ಲೂ ಇಂಥದೊಂದು ಏಣಿಯುಂಟು. ಬೆಂಗಳೂರಿನ ಲೀಗಿನಲ್ಲಿ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ವಿಭಾಗಗಳು. ದಂಡು ಪ್ರದೇಶದ ಬಡಾವಣೆಗಳ ಕ್ಲಬ್ಬುಗಳೂ ಕಾರ್ಖಾನೆ, ಸೈನ್ಯದ ತಂಡಗಳೂ ಅಲ್ಲಿ ಆಡುತ್ತ ಬಂದಿವೆ. ೧೯೬೮-೬೯ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು ೨೦೨೩ರ ಮಾರ್ಚಿಯಲ್ಲಿ, ಮೇಘಾಲಯವನ್ನು ೩-೨ರಿಂದ ಸೋಲಿಸಿ. ಐವತ್ತು ವರ್ಷಕ್ಕೂ ಮೀರಿದ ಆ ಕಾಯುವಿಕೆಯ ಕಾಲದಲ್ಲಿ ಆಟವನ್ನು ಜೀವಂತವಾಗಿಟ್ಟದ್ದು ಹೆಸರು ಬಾರದ ಕೆಳ ವಿಭಾಗಗಳ ಪಂದ್ಯಗಳೇ.

ಮಹಾಸಭೆಗೆ ಬರಲು ತೋಟದ ಕೆಲಸ ಅಡ್ಡಿಯಾಯಿತು ಎಂಬ ಮಾತು ನಮ್ಮಲ್ಲಿ ಪ್ರತಿವರ್ಷ ಕೇಳಿಬರುತ್ತದೆ. ನಿಜವೂ ಇರಬಹುದು. ಆದರೆ ವಿಂಬಲ್ಡನ್ನಿನ ಜನ ಕ್ಲಬ್ ಕಳೆದುಕೊಂಡ ಮೇಲೆ ಮತದ ಬೆಲೆ ತಿಳಿದರು. ನಮ್ಮ ಕೈಯಲ್ಲಿ ಮತ ಈಗಾಗಲೇ ಇದೆ. ಈ ವರ್ಷದ ಸಭೆಗೆ ಬರುವಾಗ ಗದ್ದೆಯಲ್ಲಿ ಆಡುವ ಹುಡುಗರನ್ನೂ ಒಬ್ಬಿಬ್ಬರನ್ನು ಕರೆತನ್ನಿ. ಚೆಂಡು ಒದೆಯಲು ಅವರಿಗೆ ನಾವು ಕಲಿಸಬೇಕಾಗಿಲ್ಲ. ನಡವಳಿ ಪುಸ್ತಕ ಬರೆಯುವುದನ್ನು, ಲೆಕ್ಕ ಒಪ್ಪಿಸುವುದನ್ನು ಅವರು ಇಲ್ಲಿ ನೋಡಿ ಕಲಿಯಲಿ.