ಫ್ಲಾಸ್ಕಿನೊಳಗಿನ ಮುಪ್ಪು

ಕೋಶ ಬೆಳೆಸುವ ಲ್ಯಾಬುಗಳಲ್ಲಿ ಫ್ಲಾಸ್ಕುಗಳ ಮೇಲೆ ಪಿ-2, ಪಿ-3, ಪಿ-5 ಎಂದು ಬರೆದಿರುತ್ತಾರೆ. ಪಿ ಎಂದರೆ ಪ್ಯಾಸೇಜ್. ಕೋಶಗಳು ಫ್ಲಾಸ್ಕಿನ ತಳವನ್ನು ಮುಕ್ಕಾಲು ಪಾಲು ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಎಬ್ಬಿಸಿ, ಸ್ವಲ್ಪ ಸ್ವಲ್ಪವೇ ಹೊಸ ಫ್ಲಾಸ್ಕುಗಳಿಗೆ ಹಂಚುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದಂತೆ. ಮನೆಯ ಹೆಪ್ಪು ತಲೆಮಾರುಗಟ್ಟಲೆ ನಡೆದೀತು, ಮನುಷ್ಯನ ಕೋಶ ಮಾತ್ರ ದಣಿಯುತ್ತದೆ.

ದಣಿಯುವುದಿಲ್ಲ ಎಂದೇ ವಿಜ್ಞಾನಿಗಳು ಬಹುಕಾಲ ನಂಬಿದ್ದರು. ನೊಬೆಲ್ ಪಡೆದಿದ್ದ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕೋಳಿಮರಿಯ ಹೃದಯದ ಕೋಶಗಳು ಮೂರು ದಶಕ ದಾಟಿದ್ದವು. ಅಷ್ಟು ದೊಡ್ಡವರ ಮಾತನ್ನು ಅಲ್ಲಗಳೆಯುವವರು ಯಾರು? 1961ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅಲ್ಲಗಳೆದರು. ಅವರ ಪ್ರಯೋಗದ ಜಾಣ್ಮೆ ನೋಡಿ: ಆಗಲೇ ಸುಮಾರು ನಲವತ್ತು ಸಲ ದುಪ್ಪಟ್ಟಾಗಿದ್ದ ಗಂಡು ಕೋಶಗಳನ್ನೂ ಅದಕ್ಕಿಂತ ಬಹಳ ಕಡಿಮೆ ಸಲ ದುಪ್ಪಟ್ಟಾಗಿದ್ದ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿದರು. ಕೊನೆಗೆ ಉಳಿದದ್ದು ಹೆಣ್ಣು ಕೋಶಗಳಷ್ಟೇ. ಪೋಷಕ ದ್ರವದಲ್ಲಿ ದೋಷವಿದ್ದಿದ್ದರೆ ಎರಡೂ ಸಾಯಬೇಕಿತ್ತು. ಎಷ್ಟು ಸಲ ವಿಭಜಿಸಿದೆ ಎಂಬ ಲೆಕ್ಕ ಇದ್ದದ್ದು ಕೋಶದ ಒಳಗೇ. ಫ್ರೀಜ್ ಮಾಡಿಟ್ಟು ಮತ್ತೆ ಎಬ್ಬಿಸಿದರೂ ಕೋಶಗಳು ಆ ಲೆಕ್ಕ ಮರೆಯುತ್ತಿರಲಿಲ್ಲ.

ಅವು ಭ್ರೂಣದ ಸಾಮಾನ್ಯ ಕೋಶಗಳು. ವಯಸ್ಕರ ಅಸ್ಥಿಮಜ್ಜೆಯ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳೂ ಇದಕ್ಕೆ ಹೊರತಲ್ಲ. ಸೊಂಟದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ತೆಗೆದು ಫ್ಲಾಸ್ಕಿಗೆ ಹಾಕಿದರೆ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡವು ಉಳಿಯುತ್ತವೆ, ಮಿಕ್ಕವು ತೊಳೆದುಹೋಗುತ್ತವೆ. ಅಂಟಿದ ಕೋಶಗಳು ಗುಂಪುಗಟ್ಟಿ ಬೆಳೆಯುವುದನ್ನು ಮೊದಲು ವಿವರಿಸಿದವರು ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. ಆಮೇಲಿನದು ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ ಬಿಸಿ, 5% ಇಂಗಾಲದ ಡೈಆಕ್ಸೈಡ್, ಎರಡು-ಮೂರು ದಿನಕ್ಕೊಮ್ಮೆ ಹೊಸ ದ್ರವ.

ಮೊದಮೊದಲು ಕೋಶಗಳು ತೆಳ್ಳಗೆ, ಉದ್ದಕ್ಕೆ, ಚುರುಕಾಗಿರುತ್ತವೆ. ಪ್ಯಾಸೇಜ್ ಏರಿದಂತೆ ಅಗಲವಾಗುತ್ತವೆ, ಚಪ್ಪಟೆಯಾಗುತ್ತವೆ, ವಿಭಜನೆ ನಿಧಾನವಾಗುತ್ತದೆ. ಸೂಕ್ಷ್ಮದರ್ಶಕದಡಿ ಪಳಗಿದ ಕಣ್ಣಿಗೆ ನೋಡಿದೊಡನೆ ಗೊತ್ತಾಗುತ್ತದೆ. ಖಾತ್ರಿಗೆ ಮುದಿ ಕೋಶಗಳನ್ನು ನೀಲಿಯಾಗಿಸುವ ಪರೀಕ್ಷೆಯೊಂದಿದೆ. ಒಳಗೆ, ಪ್ರತಿ ವಿಭಜನೆಗೂ ವರ್ಣತಂತುಗಳ ತುದಿಯ ಟೆಲೊಮಿಯರ್ ಸವೆಯುತ್ತಿರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಂತೆ ಪಿ53, ಪಿ16 ಎಂಬ ಪ್ರೋಟೀನುಗಳು ಬ್ರೇಕ್ ಒತ್ತುತ್ತವೆ. ನಿಂತ ಕೋಶ ಸಾಯದೆ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಾ ಪಕ್ಕದ ಕೋಶಗಳನ್ನೂ ಕೆಡಿಸುತ್ತದೆ.

ಹೀಗೆ ಫ್ಲಾಸ್ಕಿನೊಳಗಿನ ಕೋಶಕ್ಕೆ ಎರಡು ವಯಸ್ಸು: ದಾನಿಯದೊಂದು, ಲ್ಯಾಬಿನದೊಂದು. ವಯಸ್ಸಾದವರ ಮಜ್ಜೆಯಲ್ಲಿ ಇಂಥ ಕೋಶಗಳು ಕಡಿಮೆ ಸಿಗುತ್ತವೆ, ಬೇಗ ಸೋಲುತ್ತವೆ. ಮೂಳೆಯಾಗಬೇಕಾದವು ಕೊಬ್ಬಿನತ್ತ ವಾಲುತ್ತವೆ ಎಂದೂ ಹಲವು ಪ್ರಯೋಗಗಳು ಹೇಳಿವೆ, ಇದರಲ್ಲಿ ಎಲ್ಲ ಲ್ಯಾಬುಗಳ ಫಲಿತಾಂಶ ಒಂದೇ ಇಲ್ಲ. ಲ್ಯಾಬಿನ ಗಾಳಿಯೂ ಪೂರಾ ಒಗ್ಗದು. ಮಜ್ಜೆಯೊಳಗೆ ಆಮ್ಲಜನಕ ಗಾಳಿಯಲ್ಲಿರುವುದಕ್ಕಿಂತ ಬಹಳ ಕಡಿಮೆ. ಇನ್‌ಕ್ಯುಬೇಟರಿನಲ್ಲೂ ಅದನ್ನು ತಗ್ಗಿಸಿದರೆ ಮುಪ್ಪು ತಡವಾಗುತ್ತದೆ.

ಬೆಳೆಸದೆ ವಿಧಿಯೂ ಇಲ್ಲ. ಚಿಕಿತ್ಸೆಗೆ ದೇಹತೂಕದ ಪ್ರತಿ ಕಿಲೋಗೆ 10–20 ಲಕ್ಷ ಕೋಶ ಕೊಡುವುದು ರೂಢಿ. 60 ಕಿಲೋ ತೂಗುವವರಿಗೆ 6ರಿಂದ 12 ಕೋಟಿ ಬೇಕು. ಅಷ್ಟಾಗುವ ಹೊತ್ತಿಗೆ ಕೋಶ ಮುದಿಯಾಗಿರಬಾರದು. ಅದಕ್ಕೇ ಆರಂಭದ ಪ್ಯಾಸೇಜುಗಳಲ್ಲೇ ಒಂದಷ್ಟನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಬ್ಯಾಂಕ್ ಮಾಡಿಟ್ಟು, ಬೇಕಾದಾಗ ಅಲ್ಲಿಂದಲೇ ಬೆಳೆಸುತ್ತಾರೆ. ಬೆಂಗಳೂರಿನ ಸ್ಟೆಂಪ್ಯುಟಿಕ್ಸ್ ಕಂಪನಿ ಹಲವು ಆರೋಗ್ಯವಂತ ದಾನಿಗಳ ಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಔಷಧ ತಯಾರಿಸುತ್ತದೆ. ಸವೆದ ಟೆಲೊಮಿಯರನ್ನು ಮತ್ತೆ ಉದ್ದವಾಗಿಸುವ ಟೆಲೊಮರೇಸ್ ಕಿಣ್ವ ಸೇರಿಸಿ ಸಾಮಾನ್ಯ ಕೋಶದ ಆಯಸ್ಸು ಹಿಗ್ಗಿಸಬಹುದೆಂದು 1998ರಲ್ಲೇ ತೋರಿಸಿದ್ದಾರೆ. ಆದರೆ ನಿಲ್ಲಲು ಮರೆತ ಕೋಶ ಕ್ಯಾನ್ಸರಿನ ದಾರಿ ಹಿಡಿದೀತೆಂಬ ಭಯ.

‘ನಿಮ್ಮದೇ ಕೋಶದಿಂದ ನಿಮಗೆ ಯೌವನ’ ಎಂಬ ಜಾಹೀರಾತು ಕಂಡರೆ ನನಗೆ ಕೇಳಬೇಕೆನಿಸುವುದು ಎರಡೇ: ಎಪ್ಪತ್ತರ ಅಜ್ಜನ ಕೋಶ ಎಷ್ಟನೇ ಪ್ಯಾಸೇಜಿನದು, ನೀಲಿ ಪರೀಕ್ಷೆ ಮಾಡಿದ್ದೀರಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೂ ರಕ್ತ ಉತ್ಪಾದಿಸುವ ಆಕರಕೋಶಗಳ ಕಸಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಪ್ರಯೋಗದ ಹಂತದ್ದೆಂದೇ ಪರಿಗಣಿಸಿತ್ತು.