ಮಾತು ಕೇಳುವ ಮೊಬೈಲ್: ಧ್ವನಿ ಆಧಾರಿತ ಸೇವೆಗಳ ಕುರಿತು ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಸರ್ಕಾರದ ಸೇವೆಗಳು ಒಂದೊಂದಾಗಿ ಮೊಬೈಲ್ ಫೋನಿಗೆ ಬರುತ್ತಿವೆ. ಅರ್ಜಿಯ ಸ್ಥಿತಿ ತಿಳಿಯುವುದು, ಹಣ ಪಾವತಿಸುವುದು, ದೂರು ದಾಖಲಿಸುವುದು ಮುಂತಾದ ಕೆಲಸಗಳಿಗೆ ಕಚೇರಿಗೆ ಅಲೆಯುವ ಅಗತ್ಯ ಕಡಿಮೆಯಾಗುತ್ತಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಓದಲು, ಬೆರಳಚ್ಚು ಮಾಡಲು ಬಲ್ಲವರನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡ ಸೇವೆಗಳು. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತಾ ಪ್ರಮಾಣ ಪುರುಷರಲ್ಲಿ ಶೇ. 82.47, ಮಹಿಳೆಯರಲ್ಲಿ ಶೇ. 68.08. ಓದು ಬರಹ ಬಾರದವರು, ದೃಷ್ಟಿ ಮಂದವಾದ ಹಿರಿಯರು, ಸಣ್ಣ ಪರದೆಯ ಮೇಲೆ ಅಕ್ಷರ ಹುಡುಕಲು ಕಷ್ಟಪಡುವವರು ಇಂದಿಗೂ ಮತ್ತೊಬ್ಬರ ಕೈಗೆ ಫೋನ್ ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತಿದ್ದಾರೆ.

ಈ ಕೊರತೆಯನ್ನು ನೀಗಿಸಲು ಬಂದಿರುವುದು ಧ್ವನಿ ಆಧಾರಿತ ಸೇವೆ. ಫೋನಿಗೆ ಮಾತಿನಲ್ಲೇ ಕೇಳಬಹುದು. ಫೋನ್ ಮಾತಿನಲ್ಲೇ ಉತ್ತರಿಸುತ್ತದೆ. ಇದರಿಂದ ಆಗುವ ಉಪಕಾರ ದೊಡ್ಡದು. ಆದರೆ ಯಂತ್ರವು ಮಾತನ್ನು ತಪ್ಪಾಗಿ ಕೇಳಿಸಿಕೊಂಡಾಗ ಆಗುವ ಹಾನಿಯೂ ಸಣ್ಣದಲ್ಲ. ಮಾತು, ಚಿತ್ರ, ಗುಂಡಿ ಈ ಮೂರೂ ಜೊತೆಗಿದ್ದು, ಕೊನೆಯಲ್ಲಿ ನಾಗರಿಕರ ಒಪ್ಪಿಗೆ ಪಡೆಯುವ ವ್ಯವಸ್ಥೆ ಇದ್ದಾಗ ಮಾತ್ರ ಇಂತಹ ಸೇವೆಯನ್ನು ನಂಬಬಹುದು. ಇದು ಏಕೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

1. ಧ್ವನಿ ಸೇವೆಯ ಮೂರು ಬಗೆಗಳು

ಮೊದಲನೆಯದು ಗುಂಡಿ ಒತ್ತುವ ಬಗೆ. ಸಹಾಯವಾಣಿಗೆ ಕರೆ ಮಾಡಿದಾಗ "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ಕೇಳಿಬರುವ ವ್ಯವಸ್ಥೆ ಇದು. ಇದನ್ನು ಐವಿಆರ್ ಎನ್ನುತ್ತಾರೆ. ಇಲ್ಲಿ ಯಂತ್ರ ಮಾತನಾಡುತ್ತದೆ, ಆದರೆ ನಾಗರಿಕರು ಗುಂಡಿಯ ಮೂಲಕ ಉತ್ತರಿಸುತ್ತಾರೆ. ಇಂಟರ್‌ನೆಟ್ ಬೇಕಿಲ್ಲ, ಸಾಧಾರಣ ಕೀಪ್ಯಾಡ್ ಫೋನ್ ಸಾಕು.

ಎರಡನೆಯದು ಮಾತನ್ನೇ ಗುರುತಿಸುವ ಬಗೆ. ಆಡಿದ ಮಾತನ್ನು ಯಂತ್ರ ಬರಹವಾಗಿ ಬದಲಾಯಿಸಿ, ಅದರ ಅರ್ಥ ಊಹಿಸಿ ಉತ್ತರ ಕೊಡುತ್ತದೆ. ಗೂಗಲ್ ಸಂಸ್ಥೆಯ ಕೀಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಯುವ ಸೌಲಭ್ಯ 2017ರಲ್ಲಿ ಬಂದಿತು. ಕೇಂದ್ರ ಸರ್ಕಾರದ ಭಾಷಿಣಿ ವೇದಿಕೆ 2022ರ ಜುಲೈನಲ್ಲಿ ಆರಂಭವಾಯಿತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಮಾತನ್ನು ಬರಹವಾಗಿಸುವ, ಅನುವಾದಿಸುವ, ಬರಹವನ್ನು ಓದಿ ಹೇಳುವ ಸೌಲಭ್ಯಗಳನ್ನು ಒದಗಿಸುವುದು ಇದರ ಉದ್ದೇಶ.

ಮೂರನೆಯದು ಬಹುವಿಧದ ಬಗೆ. ಮಾತು, ಚಿತ್ರ, ಸ್ಪರ್ಶ, ಕ್ಯಾಮೆರಾ ಇವುಗಳನ್ನು ಒಟ್ಟಿಗೆ ಬಳಸುವುದು ಇದರ ಲಕ್ಷಣ. 1980ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ರಿಚರ್ಡ್ ಬೋಲ್ಟ್ ಅವರು ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕುಳಿತವರು ಬೆರಳು ತೋರಿಸುತ್ತ "ಅದನ್ನು ಅಲ್ಲಿ ಇಡು" ಎಂದರೆ ಕಂಪ್ಯೂಟರ್ ಪಾಲಿಸುವ ವ್ಯವಸ್ಥೆಯನ್ನು ರೂಪಿಸಿ ತೋರಿಸಿದರು. "ಅದು" ಯಾವುದು, "ಅಲ್ಲಿ" ಎಂದರೆ ಎಲ್ಲಿ ಎಂಬುದನ್ನು ಮಾತೊಂದೇ ತಿಳಿಸಲಾರದು, ಬೆರಳು ತಿಳಿಸುತ್ತದೆ. ಮನುಷ್ಯರು ಪರಸ್ಪರ ವ್ಯವಹರಿಸುವುದೂ ಹೀಗೆಯೇ. ಇಂದು ಅದೇ ತತ್ತ್ವ ಅಂಗೈಯಲ್ಲಿ ಹಿಡಿಯುವ ಫೋನಿಗೆ ಬಂದಿದೆ.

2. ಯಂತ್ರ ಮಾತನ್ನು ಹೇಗೆ ಕೇಳುತ್ತದೆ?

ಮನುಷ್ಯರಂತೆ ಯಂತ್ರ ಅರ್ಥಮಾಡಿಕೊಂಡು ಕೇಳುವುದಿಲ್ಲ. ಧ್ವನಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಅಂತರದಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ವಿಭಜಿಸಿ, ಪ್ರತಿ ತುಣುಕು ಯಾವ ಅಕ್ಷರದ ಉಚ್ಚಾರಣೆಯನ್ನು ಹೋಲುತ್ತದೆ ಎಂದು ಲೆಕ್ಕ ಹಾಕುತ್ತದೆ. ನಂತರ ಆ ಭಾಷೆಯಲ್ಲಿ ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ನೋಡಿ ವಾಕ್ಯವನ್ನು ಜೋಡಿಸುತ್ತದೆ. ಆದುದರಿಂದ ಪರದೆಯ ಮೇಲೆ ಕಾಣುವ ಬರಹವು ಯಂತ್ರದ ಅತ್ಯುತ್ತಮ ಊಹೆಯೇ ಹೊರತು ಖಚಿತ ದಾಖಲೆಯಲ್ಲ.

ಈ ಊಹೆ ಯಂತ್ರಕ್ಕೆ ಮೊದಲೇ ಕೇಳಿಸಿದ ಮಾತುಗಳನ್ನು ಅವಲಂಬಿಸಿದೆ. ನಗರದ ವಿದ್ಯಾವಂತರ ಕನ್ನಡವನ್ನೇ ಹೆಚ್ಚು ಕೇಳಿ ಕಲಿತ ಯಂತ್ರಕ್ಕೆ ಕಲಬುರಗಿ, ಧಾರವಾಡ, ಚಾಮರಾಜನಗರದ ಹಳ್ಳಿಗಳ ಆಡುಮಾತು ಅಪರಿಚಿತ. ಒಂದು ಭಾಗದಲ್ಲಿ "ಹಾಲು" ಎನ್ನುವುದನ್ನು ಇನ್ನೊಂದು ಭಾಗದಲ್ಲಿ "ಆಲು" ಎನ್ನುತ್ತಾರೆ. ಒಂದು ಕಡೆ "ಇದೆ" ಎಂದರೆ ಇನ್ನೊಂದು ಕಡೆ "ಐತಿ". ಇವು ದೋಷಗಳಲ್ಲ, ಕನ್ನಡದ ಬಗೆಗಳು. ಕಲಿಯಬೇಕಾದುದು ಯಂತ್ರ. ಈ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ನೆರವಿನೊಂದಿಗೆ "ವಾಣಿ" ಎಂಬ ಯೋಜನೆಯನ್ನು ಕೈಗೊಂಡಿದೆ. ಜನರಿಗೆ ಚಿತ್ರವೊಂದನ್ನು ತೋರಿಸಿ, ಅದರಲ್ಲಿ ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಹೇಳಿಸಿ, ದೇಶದ ಎಲ್ಲ ಜಿಲ್ಲೆಗಳ ಆಡುಮಾತಿನ ಧ್ವನಿಯನ್ನು ಸಂಗ್ರಹಿಸುವುದು ಇದರ ಗುರಿ. ಆದರೂ ತುಳು, ಕೊಡವ, ಲಂಬಾಣಿ ಮುಂತಾದ ಭಾಷೆಗಳು ಎಂಟನೇ ಅನುಸೂಚಿಯಲ್ಲಿ ಇಲ್ಲ. ಆ ಭಾಷೆಗಳನ್ನಾಡುವ ಕುಟುಂಬಗಳ ಹಿರಿಯರು ಕನ್ನಡದ ಧ್ವನಿ ಸೇವೆಯನ್ನು ಬಳಸುವಾಗ ಹೆಚ್ಚಿನ ನೆರವು ಬೇಕಾಗುತ್ತದೆ ಎಂಬುದನ್ನು ಸದಸ್ಯರು ಗಮನದಲ್ಲಿಡಬೇಕು.

3. ತಪ್ಪು ಎಲ್ಲಿ ಆಗುತ್ತದೆ?

ಸಾಮಾನ್ಯ ಸಂಭಾಷಣೆಯಲ್ಲಿ ಒಂದು ಪದ ತಪ್ಪಿದರೂ ಅರ್ಥ ಉಳಿಯುತ್ತದೆ. ಸರ್ಕಾರಿ ಸೇವೆಯಲ್ಲಿ ಹಾಗಲ್ಲ. ಇಲ್ಲಿ ಮುಖ್ಯವಾದವು ಅಂಕಿ ಮತ್ತು ಹೆಸರು. ಯಂತ್ರ ಹೆಚ್ಚಾಗಿ ಎಡವುವುದೂ ಇಲ್ಲಿಯೇ.

ಅಂಕಿಗಳು: ಕನ್ನಡದಲ್ಲಿ ಒಂಬತ್ತು, ಎಂಬತ್ತು, ತೊಂಬತ್ತು ಈ ಮೂರು ಸಂಖ್ಯೆಗಳು ಮೊದಲ ಉಚ್ಚಾರದಲ್ಲಿ ಮಾತ್ರ ಬೇರೆ. ಇಪ್ಪತ್ತು ಮತ್ತು ಎಪ್ಪತ್ತು ಸಹ ಹಾಗೆಯೇ. ಗಾಳಿ, ವಾಹನದ ಸದ್ದು ಅಥವಾ ಮೆಲುದನಿಯಿಂದ ಆ ಮೊದಲ ಉಚ್ಚಾರ ಮರೆಯಾದರೆ ಒಂಬತ್ತು ಸಾವಿರ ರೂಪಾಯಿ ಎಂಬತ್ತು ಸಾವಿರವಾಗಬಹುದು. "ಎಂಬತ್ತೊಂಬತ್ತು" ಎಂಬ ಸರ್ವೆ ನಂಬರನ್ನು ಯಂತ್ರವು 89 ಎಂದೂ ಬರೆಯಬಹುದು, 80 ಮತ್ತು 9 ಎಂದು ಬಿಡಿಸಿ 809 ಎಂದೂ ಬರೆಯಬಹುದು. ಮೊಬೈಲ್ ಸಂಖ್ಯೆಯನ್ನು ಜನರು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ನಡುವೆ "ಡಬಲ್" ಸೇರಿಸಿ ಹೇಳುವ ರೂಢಿಯೂ ಉಂಟು.

ಹೆಸರುಗಳು: ಶಿವಮ್ಮ ಮತ್ತು ಶಿವಣ್ಣ, ಸಿದ್ದಪ್ಪ ಮತ್ತು ಸಿದ್ದಮ್ಮ ಇಂತಹ ಹೆಸರುಗಳ ನಡುವಣ ವ್ಯತ್ಯಾಸ ಒಂದೇ ಅಕ್ಷರದ್ದು. ಯಂತ್ರ ಹೆಸರನ್ನು ಸರಿಯಾಗಿ ಕೇಳಿದರೂ, ಆಧಾರ್ ಕಾರ್ಡಿನಲ್ಲಿ ಅದು ಯಾವ ಅಕ್ಷರಗಳಲ್ಲಿ ಇದೆ ಎಂಬುದು ಧ್ವನಿಯಿಂದ ತಿಳಿಯುವುದಿಲ್ಲ.

ದೂರವಾಣಿ ಮಾರ್ಗ: ಸಾಧಾರಣ ಫೋನ್ ಕರೆಯು ಹಳೆಯ ಪದ್ಧತಿಯಂತೆ ಸುಮಾರು 300ರಿಂದ 3400 ಹರ್ಟ್ಜ್ ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. "ಸ" ಅಕ್ಷರದ ಸದ್ದಿನ ಮುಖ್ಯ ಭಾಗ ಇದಕ್ಕಿಂತ ಮೇಲಿನದು. ಆದುದರಿಂದ ಎದುರಿಗೆ ಕುಳಿತಾಗ ಸ್ಪಷ್ಟವಾಗಿ ಕೇಳುವ ಹೆಸರು ಫೋನಿನಲ್ಲಿ ಮನುಷ್ಯರಿಗೇ ಗೊಂದಲ ಉಂಟುಮಾಡುತ್ತದೆ. ಯಂತ್ರಕ್ಕೆ ಇನ್ನೂ ಹೆಚ್ಚು.

ಪಿಂಚಣಿಯ ಬ್ಯಾಂಕ್ ಖಾತೆಯಲ್ಲಿ ಒಂದು ಅಂಕಿ ತಪ್ಪಿದರೆ ಹಣ ಬರುವುದು ನಿಲ್ಲುತ್ತದೆ. ಅದು ಏಕೆ ನಿಂತಿತು ಎಂಬುದು ಫಲಾನುಭವಿಗೆ ತಿಳಿಯುವುದಿಲ್ಲ. ಆಗ ಆ ಹಿರಿಯರು ಮೊದಲು ಬಂದು ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನೇ.

4. ಮಾತಿನ ಜೊತೆಗೆ ಗುಂಡಿ ಮತ್ತು ಚಿತ್ರ ಏಕೆ ಬೇಕು?

ಫೋನಿನ ಗುಂಡಿ ಒತ್ತಿದಾಗ ನಿಗದಿತವಾದ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಉದಾಹರಣೆಗೆ 5ರ ಗುಂಡಿಗೆ 770 ಮತ್ತು 1336 ಹರ್ಟ್ಜ್. ಪ್ರತಿ ಗುಂಡಿಯ ಜೋಡಿ ಬೇರೆ ಬೇರೆ. ಇವೆರಡೂ ದೂರವಾಣಿ ಮಾರ್ಗ ಸಾಗಿಸುವ ಮಿತಿಯೊಳಗೇ ಇವೆ. ಮಾತನಾಡುವವರ ಊರು, ಉಚ್ಚಾರಣೆ, ವಯಸ್ಸು ಯಾವುದೂ ಇಲ್ಲಿ ಅಡ್ಡಬರುವುದಿಲ್ಲ. ಆದುದರಿಂದ ಪ್ರಶ್ನೆ ಕೇಳಲು ಮಾತು, ಅಂಕಿ ದಾಖಲಿಸಲು ಗುಂಡಿ ಎಂಬ ಹಂಚಿಕೆ ಸೂಕ್ತವಾದುದು.

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು ಚಾಲನೆ ನೀಡಿದ ಯುಪಿಐ 123ಪೇ ಇದಕ್ಕೆ ಉತ್ತಮ ನಿದರ್ಶನ. ಇಂಟರ್‌ನೆಟ್ ಇಲ್ಲದ ಕೀಪ್ಯಾಡ್ ಫೋನಿನಿಂದಲೂ ಕರೆಯ ಮೂಲಕ ಹಣ ಪಾವತಿಸುವ ಅವಕಾಶ ಇದರಲ್ಲಿದೆ. ಸೂಚನೆಗಳು ಧ್ವನಿಯಲ್ಲಿ ಬರುತ್ತವೆ. ಆದರೆ ರಹಸ್ಯ ಪಿನ್ ಅನ್ನು ಗುಂಡಿ ಒತ್ತಿಯೇ ದಾಖಲಿಸಬೇಕು. ಪಿನ್ ಅನ್ನು ಬಾಯಲ್ಲಿ ಹೇಳಿದರೆ ಪಕ್ಕದಲ್ಲಿದ್ದವರಿಗೂ ಕೇಳುತ್ತದೆ. ಅಂಗಡಿಗಳಲ್ಲಿ ಹಣ ಬಂದೊಡನೆ ಮೊತ್ತವನ್ನು ಕನ್ನಡದಲ್ಲಿ ಘೋಷಿಸುವ ಪೆಟ್ಟಿಗೆಯೂ ಇದೇ ತತ್ತ್ವದ್ದು: ಕಣ್ಣು ಬೇರೆಡೆ ಇದ್ದಾಗ ಕಿವಿಗೆ ಖಚಿತಪಡಿಸುವುದು.

ಅಂಧರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದೆ. ಇದಕ್ಕೆ ವಿರುದ್ಧವಾಗಿ, ಮಾತು ಅಥವಾ ಶ್ರವಣ ದೋಷವುಳ್ಳವರಿಗೆ ಧ್ವನಿ ಸೇವೆಯೊಂದೇ ಇದ್ದರೆ ಅದೇ ಒಂದು ಅಡ್ಡಗೋಡೆ. ಆದುದರಿಂದ ಧ್ವನಿಯು ಹೆಚ್ಚುವರಿ ದಾರಿಯಾಗಬೇಕು, ಏಕೈಕ ದಾರಿಯಾಗಬಾರದು. ವಿಕಲಚೇತನರಿಗೆ ಮಾಹಿತಿಯು ಬಳಸಲು ಸಾಧ್ಯವಾಗುವ ರೂಪದಲ್ಲಿ ದೊರೆಯಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವೂ ಹೇಳುತ್ತದೆ.

5. ಗ್ರಾಮಸಭೆಯ ನಡವಳಿ ಮತ್ತು ಧ್ವನಿ ಯಂತ್ರ

ಧ್ವನಿ ತಂತ್ರಜ್ಞಾನ ಈಗ ಪಂಚಾಯಿತಿಯ ಸಭೆಗೂ ಬಂದಿದೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್ 14ರಂದು "ಸಭಾಸಾರ್" ಎಂಬ ಸಾಧನವನ್ನು ಆರಂಭಿಸಿತು. ಗ್ರಾಮಸಭೆಯ ಆಡಿಯೋ ಅಥವಾ ವಿಡಿಯೋವನ್ನು ಇದಕ್ಕೆ ಸೇರಿಸಿದರೆ, ಭಾಷಿಣಿಯ ನೆರವಿನಿಂದ ಮಾತುಗಳನ್ನು ಬರಹಕ್ಕಿಳಿಸಿ ಸಭಾ ನಡವಳಿಯ ಕರಡನ್ನು ಸಿದ್ಧಪಡಿಸುತ್ತದೆ. ಗಂಟೆಗಟ್ಟಲೆ ನಡೆದ ಚರ್ಚೆಯನ್ನು ಬರೆದುಕೊಳ್ಳುವ ಶ್ರಮ ಇದರಿಂದ ತಗ್ಗುತ್ತದೆ. ಚರ್ಚೆಗೆ ಬಂದ ವಿಷಯ ಕೈಬಿಟ್ಟುಹೋಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

ಆದರೆ ಇಂತಹ ಯಾವುದೇ ಸಾಧನ ಮೈಕ್‌ಗೆ ತಲುಪಿದ ಮಾತನ್ನು ಮಾತ್ರ ಕೇಳಬಲ್ಲದು. ವೇದಿಕೆಯ ಮೇಲಿನವರ ಮಾತು ಸ್ಪಷ್ಟವಾಗಿ ದಾಖಲಾಗಿ, ಹಿಂದಿನ ಸಾಲಿನಲ್ಲಿ ನಿಂತು ಕುಡಿಯುವ ನೀರಿನ ಬಗ್ಗೆ ಕೇಳಿದ ಮಹಿಳೆಯ ಮಾತು ದಾಖಲಾಗದಿದ್ದರೆ, ಆ ಬೇಡಿಕೆ ನಡವಳಿಯಲ್ಲಿ ಇರುವುದಿಲ್ಲ. ನಡವಳಿಯಲ್ಲಿ ಇಲ್ಲದ್ದು ಕ್ರಿಯಾ ಯೋಜನೆಗೂ ಬರುವುದಿಲ್ಲ. ಹಲವರು ಒಮ್ಮೆಗೇ ಮಾತನಾಡಿದಾಗಲೂ ಯಂತ್ರ ಗೊಂದಲಕ್ಕೀಡಾಗುತ್ತದೆ. ಫಲಾನುಭವಿಗಳ ಹೆಸರು, ಕಾಮಗಾರಿಯ ಮೊತ್ತ, ಸರ್ವೆ ನಂಬರ್ ಇವುಗಳಲ್ಲಿ ಮೇಲೆ ಹೇಳಿದ ದೋಷಗಳೆಲ್ಲ ನುಸುಳಬಹುದು.

ಆದುದರಿಂದ ಯಂತ್ರ ನೀಡಿದ ಬರಹವನ್ನು ಕರಡು ಎಂದೇ ಭಾವಿಸಬೇಕು. ಮೈಕ್ ಸಭಿಕರ ನಡುವೆ ಸಾಗಬೇಕು; ಒಬ್ಬೊಬ್ಬರಾಗಿ ಮಾತನಾಡುವಂತೆ ಅಧ್ಯಕ್ಷತೆ ವಹಿಸಿದವರು ನೋಡಿಕೊಳ್ಳಬೇಕು; ನಿರ್ಣಯಗಳನ್ನು ಸಭೆ ಮುಗಿಯುವ ಮುನ್ನ ಅಂಕಿ ಅಂಶ ಸಹಿತ ಗಟ್ಟಿಯಾಗಿ ಓದಿ ಹೇಳಬೇಕು. ಓದಿ ಕೇಳಿ ಒಪ್ಪಿದ ನಿರ್ಣಯಕ್ಕೆ ಮನುಷ್ಯರೇ ಹೊಣೆ, ಯಂತ್ರ ಹೊಣೆಯಾಗಲಾರದು.

6. ಧ್ವನಿಯೂ ವೈಯಕ್ತಿಕ ಮಾಹಿತಿಯೇ

ವ್ಯಕ್ತಿಯನ್ನು ಗುರುತಿಸಲು ನೆರವಾಗುವ ಧ್ವನಿ ಮುದ್ರಣವು ಫೋಟೋ, ಬೆರಳಚ್ಚುಗಳಂತೆ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆ ಕೇಳುವಾಗ ನೀಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಆಯ್ಕೆ ಇರಬೇಕು. ಕನ್ನಡ ಆ ಭಾಷೆಗಳಲ್ಲಿ ಒಂದು. ಓದಲು ಬಾರದವರಿಗೆ ಆ ಸೂಚನೆಯನ್ನು ಓದಿ ಹೇಳುವುದೇ ನಿಜವಾದ ಒಪ್ಪಿಗೆಯ ದಾರಿ.

ಧ್ವನಿ ಸೇವೆಯ ಹೆಸರಿನಲ್ಲಿ ವಂಚನೆಯೂ ನಡೆಯುತ್ತದೆ. ಒಟಿಪಿ ಅಥವಾ ಪಿನ್ ಅನ್ನು ಬಾಯಲ್ಲಿ ಹೇಳುವಂತೆ ಕೇಳುವ ಕರೆಯನ್ನು, ಅದು ಮನುಷ್ಯರದ್ದಾಗಲಿ ಯಂತ್ರದ್ದಾಗಲಿ, ನಂಬಬಾರದು. ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

7. ಸದಸ್ಯರು ಗಮನಿಸಬಹುದಾದ ಅಂಶಗಳು

(1) ಧ್ವನಿ ಸೇವೆಯನ್ನು ವಾರ್ಡಿನಲ್ಲಿ ಪ್ರಚಾರ ಮಾಡುವ ಮೊದಲು ಓದಲು ಬಾರದ ಒಬ್ಬ ಮಹಿಳೆ, ಒಬ್ಬ ಹಿರಿಯ ನಾಗರಿಕ, ಒಬ್ಬ ವಿಕಲಚೇತನರಿಂದ ಅದನ್ನು ಬಳಸಿ ನೋಡುವುದು. ಇವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಸೇವೆಯ ದೋಷವಿದೆ ಎಂದು ತಿಳಿಯಬೇಕು.

(2) ಯಂತ್ರ ಕೇಳಿಸಿಕೊಂಡ ಹೆಸರು ಮತ್ತು ಅಂಕಿಗಳನ್ನು ಮತ್ತೆ ಹೇಳಿ "ಸರಿಯೇ?" ಎಂದು ಕೇಳುತ್ತದೆಯೇ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡುತ್ತದೆಯೇ ಎಂಬುದನ್ನು ಪರಿಶೀಲಿಸುವುದು.

(3) ಖಾತೆ ಸಂಖ್ಯೆ, ಸರ್ವೆ ನಂಬರ್, ಮೊಬೈಲ್ ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಹೇಳುವಂತೆ, ಸಾಧ್ಯವಿದ್ದಲ್ಲಿ ಗುಂಡಿ ಒತ್ತಿ ದಾಖಲಿಸುವಂತೆ ಜನರಿಗೆ ತಿಳಿಸುವುದು.

(4) ಯಂತ್ರದಿಂದ ಕೆಲಸವಾಗದಿದ್ದಾಗ ಸಿಬ್ಬಂದಿಯೊಂದಿಗೆ ಮಾತನಾಡುವ ಅವಕಾಶ ಇದೆಯೇ ಎಂದು ನೋಡುವುದು. ಇಲ್ಲದಿದ್ದಲ್ಲಿ ಆ ಅಂಶವನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ಸಂಬಂಧಿಸಿದ ಇಲಾಖೆಗೆ ಬರೆಯುವುದು.

(5) ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕನ್ನಡದ ಧ್ವನಿ ಬರವಣಿಗೆ ಮತ್ತು ಟಾಕ್‌ಬ್ಯಾಕ್ ಬಳಕೆಯನ್ನು ಸ್ವಸಹಾಯ ಸಂಘದ ಸದಸ್ಯರಿಗೆ, ಹಿರಿಯರಿಗೆ ಪ್ರಾತ್ಯಕ್ಷಿಕೆಯ ಮೂಲಕ ತೋರಿಸುವುದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವನ್ನು ಇದಕ್ಕೆ ಪಡೆಯಬಹುದು.

(6) ಧ್ವನಿ ಸೇವೆಯಲ್ಲಿ ಆದ ತಪ್ಪುಗಳನ್ನು ಬಿಡಿ ದೂರುಗಳೆಂದು ಬಿಟ್ಟುಬಿಡದೆ, ದಿನಾಂಕ ಮತ್ತು ವಿವರ ಸಹಿತ ಒಂದೆಡೆ ಬರೆದಿಡುವುದು. ಯಾವ ಪದ, ಯಾವ ಅಂಕಿ, ಯಾವ ಭಾಗದ ಮಾತು ಯಂತ್ರಕ್ಕೆ ತಿಳಿಯುತ್ತಿಲ್ಲ ಎಂಬ ಇಂತಹ ಮಾಹಿತಿಯಿಂದಲೇ ಸೇವೆ ಸುಧಾರಿಸುತ್ತದೆ.

ಓದು ಬರಹ ಬಾರದ ಕಾರಣಕ್ಕೆ ಸೌಲಭ್ಯದಿಂದ ದೂರ ಉಳಿದವರಿಗೆ ಅವರ ಮಾತೇ ಅರ್ಜಿಯಾಗುವ ಕಾಲ ಹತ್ತಿರವಾಗಿದೆ. ಆ ಮಾತು ಸರಿಯಾಗಿ ದಾಖಲಾಯಿತೇ ಎಂದು ಅವರ ಪಕ್ಕದಲ್ಲಿ ನಿಂತು ಪರಿಶೀಲಿಸುವ ಹೊಣೆಯನ್ನು ವಾರ್ಡಿನ ಪ್ರತಿನಿಧಿಗಳಷ್ಟು ಸಮೀಪದಿಂದ ಬೇರೆ ಯಾರೂ ನಿರ್ವಹಿಸಲಾರರು.